ಹೂದಾನಿಗೆ ಹಚ್ಚುವ ಎಣ್ಣೆ

ನಮ್ಮ ಕಪಾಟಿನಲ್ಲೊಂದು ಬಿದರಿ ಹೂದಾನಿ ಇದೆ; ಹೂವನ್ನೇ ಕಂಡರಿಯದ ಆ ಬಡಪಾಯಿಗೆ ಪ್ರತಿ ಭಾನುವಾರ ನಾನು ತಪ್ಪದೆ ಕೊಬ್ಬರಿ ಎಣ್ಣೆಯ ಅಭ್ಯಂಜನ ಮಾಡಿಸುತ್ತೇನೆ. ಅದೇ ಶ್ರದ್ಧೆ ನನ್ನ ತಲೆಯ ಮೇಲಿದ್ದರೆ ನಾಲ್ಕು ಕೂದಲಾದರೂ ಉಳಿಯುತ್ತಿದ್ದವೆಂಬುದು ಮನೆಯವಳ ಅಭಿಪ್ರಾಯ. ಏನು ಮಾಡುವುದು ಹೇಳಿ, ಬಿದರಿಯ ಕಪ್ಪು ಎಣ್ಣೆ ಕುಡಿದಷ್ಟೂ ಹೊಳೆಯುತ್ತದೆ; ಬೀದರಿನವರ ಕೈಗೆ ಕಪ್ಪು ವಸ್ತು ಸಿಕ್ಕರೆ ಬೆರಳು ತಾನಾಗಿಯೇ ಎಣ್ಣೆಯ ಸೀಸೆ ಹುಡುಕುತ್ತದೆ. ಆ ಚಟವೇ ಕಳೆದ ಚಳಿಗಾಲದಲ್ಲಿ ನನ್ನ ಮಾನ ಕಳೆಯಿತು.

ಉತ್ಖನನ ಕಲಿಸಲು ಬಂದ ಮೇಡಂ ಒಬ್ಬರ ಮಾರ್ಗದರ್ಶನದಲ್ಲಿ ನಮ್ಮ ಓಣಿಯವರೆಲ್ಲ ಸೇರಿ ನೆರೆಮನೆಯ ಖಾಲಿದಾ ಆಪಾ ಅವರ ಹಿತ್ತಲನ್ನು ಅಗೆಯತೊಡಗಿದ್ದೆವು. ಅಲ್ಲಿ ತಮ್ಮ ಮುತ್ತಜ್ಜನ ಬಿದರಿ ಕಾರ್ಖಾನೆ ಇತ್ತೆಂದು ಆಪಾ ಹೇಳುತ್ತಲೇ ಬಂದಿದ್ದರು. ನಂಬಿದವರಿಲ್ಲ, ಅವರ ಅಣ್ಣನೇ ನಗುತ್ತಿದ್ದ. ಭಾಲ್ಕಿಯ ಶಾಲೆಯಲ್ಲಿ ಮೂವತ್ತು ವರ್ಷ ಇತಿಹಾಸ ಬೋಧಿಸಿದ ನಾನಾದರೋ ಸೀಮೆಸುಣ್ಣದ ಹೊರತು ಬೇರೆ ಧೂಳು ಕಂಡವನಲ್ಲ.

ಮೂರನೆಯ ದಿನ ನನ್ನ ಕರಣೆಗೆ ಕಪ್ಪು ಲೋಹದ ಚೂರೊಂದು ತಗುಲಿತು. ಮೇಡಂ ಊಟಕ್ಕೆ ಹೋಗಿದ್ದರು. ಸಿಕ್ಕಿದ್ದನ್ನು ಅಲುಗಿಸದೆ ಕರೆಯಬೇಕೆಂಬ ಮೊದಲ ಪಾಠವನ್ನೇ ಹುರುಪಿನಲ್ಲಿ ಮರೆತು, ಮನೆಗೊಯ್ದು, ತೊಳೆದು, ಎಣ್ಣೆ ಹಚ್ಚಿ, ಫಳಫಳ ಹೊಳೆಸಿ ಮೆರವಣಿಗೆಯಲ್ಲಿ ತಂದಂತೆ ತಂದೆ! ಮೇಡಂ ಹಣೆ ಚಚ್ಚಿಕೊಂಡರು. ಅಂಟಿದ್ದ ಮಣ್ಣೂ ಹೋಗಿತ್ತು, ಯಾವ ಪದರಿನದೆಂಬ ಗುರುತೂ ಹೋಗಿತ್ತು. ಅದಿನ್ನು ಯಾವುದಕ್ಕೂ ಸಾಕ್ಷಿಯಲ್ಲ ಎಂದರು.

"ಎಲ್ಲಿ ಸಿಕ್ತ್ರಿ ಮಾಸ್ತರ್? ಜಾಗಾ ತೋರ್ಸ್ರಿ," ಎಂದರು ಆಪಾ.

ನಾನು ಮೊದಲು ಎಡಕ್ಕೆ ತೋರಿಸಿದೆ, ಆಮೇಲೆ ಬಲಕ್ಕೆ.

"ಹೋಗ್ಲಿ ಬಿಡ್ರಿ, ಚಾ ಕುಡೀರಿ."

ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಸಂಜೆ ಗುಂಡಿ ಮುಚ್ಚುವವರಿದ್ದರು. ಬೆಳಗಿನಿಂದ ಮಂಡಿಯೂರಿ ಕುಂಚದಿಂದ ಮಣ್ಣು ಸರಿಸುತ್ತಿದ್ದ ನನಗೆ ಮಧ್ಯಾಹ್ನದ ಹೊತ್ತಿಗೆ ಸುಟ್ಟ ಮಣ್ಣಿನ ಅಂಚೊಂದು ಕಂಡಿತು. ಬೆರಳು ತುರಿಸಿತು, ಸುಳ್ಳೇಕೆ ಹೇಳಲಿ! ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದೆ: "ಆಪಾ, ಲಗೂನ ಬರ್ರಿ! ನಾ ಮುಟ್ಟಿಲ್ರಿ!"

ಅದು ಎರಕದ ಅಚ್ಚಿನ ತುಂಡು. ಪಕ್ಕದಲ್ಲೇ ಬೂದಿ, ಕರಗಿ ಹೆಪ್ಪುಗಟ್ಟಿದ ಲೋಹದ ಹನಿಗಳು. ಮೇಡಂ ಅಳೆದು, ಚಿತ್ರ ಬರೆದು, ಇಲ್ಲಿ ಎರಕ ಹೊಯ್ದಿದ್ದು ನಿಜ ಎಂದರು. ಆಪಾ ಗುಂಡಿಯ ಅಂಚಿನಲ್ಲೇ ಕುಳಿತು ಅತ್ತರು. ಆಮೇಲೆ ಅಣ್ಣನಿಗೆ ಫೋನು ಹಚ್ಚಿ, ನನಗೆ ಸಲ್ಲಬೇಕಿದ್ದ ಬೈಗುಳವನ್ನೆಲ್ಲ ದಖನಿ ಉರ್ದುವಿನಲ್ಲಿ ಅವನಿಗೆ ಒಪ್ಪಿಸಿದರು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಾನು ಹೊಳೆಸಿದ ಆ ಅನಾಥ ಚೂರು ಈಗ ಆಪಾ ಅವರ ಕಪಾಟಿನಲ್ಲಿದೆ. ಭಾನುವಾರ ಹೂದಾನಿಯ ಅಭ್ಯಂಜನ ಮುಗಿದ ಮೇಲೆ, ಅದಕ್ಕೂ ಎಣ್ಣೆ ಹಚ್ಚಲು ನನ್ನನ್ನೇ ಕರೆಯುತ್ತಾರೆ. ಆದರೆ ಕಪಾಟಿನಿಂದ ಎತ್ತಿ ಕೊಡುವವರೂ ಅವರೇ, ತಿರುಗಿ ಅದರ ಜಾಗದಲ್ಲಿ ಇಡುವವರೂ ಅವರೇ.