ಉಪವಾಸದ ಮೀನು, ಅನುಮಾನದ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಕ್ಕ ಪ್ಲಾಸ್ಟಿಕ್ ಕವರಿಗೆ ಗಾಳಿ ತುಂಬಿ, ಕೆನ್ನೆಗೆ ಒತ್ತಿಕೊಂಡು ತೂತು ಹುಡುಕುತ್ತಿದ್ದಾರೆ. ಪೇಪರಿಗೆ ಬರೆಯಲು ಬಂದ ನನ್ನನ್ನು ಕಂಡದ್ದೇ ಹುಬ್ಬು ಗಂಟಿಕ್ಕುತ್ತಾರೆ.

"ಕೈಗೆ ಸೋಪ್ ಹಾಕಿದ್ದೀರಾ? ಹಾಗಾದ್ರೆ ನೀರು ಮುಟ್ಬೇಡಿ. ಹಾಕಿಲ್ವಾ? ಆಗ್ಲೂ ಮುಟ್ಬೇಡಿ."

ಅಕ್ವೇರಿಯಂ ಮೀನುಗಳನ್ನು ಊರೂರಿಗೆ ಕಳಿಸುವ ಈ ಅಂಗಡಿಯಲ್ಲಿ ಪ್ಯಾಕಿಂಗ್ ಇವರದೇ. ಎಲ್ಲರ ಬಾಯಲ್ಲೂ 'ಅನುಮಾನದಕ್ಕ'. ಗಂಡ ಬೆನ್ನುನೋವಿನಿಂದ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿರುವುದು ಇವರ ದುಡಿಮೆಯಿಂದ. ಕೈತುಂಬ ಕ್ಯಾಟ್‌ಫಿಷ್ ಮುಳ್ಳು ಚುಚ್ಚಿದ ಗುರುತುಗಳಿವೆ.

ಈ ಮೀಸೆ ಮೀನು ನೋಡಲು ಸಾಧು. ಹೆದರಿತೆಂದರೆ ರೆಕ್ಕೆಯ ಮುಳ್ಳು ಸೆಟೆಸಿ ಕವರನ್ನೇ ತೂತು ಮಾಡುತ್ತದೆ. ಅದಕ್ಕೇ ಎರಡೆರಡು ಕವರು, ನಡುವೆ ಹಳೇ ಪೇಪರು. "ನಿಮ್ಮ ಪೇಪರೂ ಕೊನೆಗೆ ಇಲ್ಲಿಗೇ ಬರೋದು, ಬರೀರಿ," ಎಂದು ಅಕ್ಕ ಕಾಲೆಳೆಯುತ್ತಾರೆ. ಕೆಲವು ಜಾತಿಯವು ಗಾಬರಿಯಲ್ಲಿ ವಿಷ ಬಿಟ್ಟು, ಆ ನೀರಿನಲ್ಲೇ ಸಾಯುತ್ತವೆ. ಹಾಗಾಗಿ ಮೊದಲು ಬಕೆಟ್ಟಿಗೆ ಹಾಕಿ ಬೇಕೆಂದೇ ಹೆದರಿಸುತ್ತಾರೆ.

"ಸಿಟ್ಟೆಲ್ಲ ಇಲ್ಲೇ ಕಾರ್ಕೊಂಡ್ಬಿಡಿ. ಕವರಲ್ಲಿ ಸುಮ್ನಿರ್ಬೇಕು."

ಆಮೇಲೆ ಹೊಸ ನೀರು, ಆಕ್ಸಿಜನ್, ಬಿಗಿಯಾಗಿ ರಬ್ಬರ್ ಬ್ಯಾಂಡ್. ಇದೆಲ್ಲಕ್ಕೂ ಮೊದಲು, ಹೊರಡುವ ಮೀನಿಗೆ ಉಪವಾಸ. ತಿಂದು ಹೊರಟರೆ ಅದು ದಾರಿಯಲ್ಲಿ ನೀರು ಕೆಡಿಸಿಕೊಳ್ಳುತ್ತದೆ.

ಹೋದ ವಾರ ಒಂದು ಪೆಟ್ಟಿಗೆಯ ಮೀನೆಲ್ಲ ಸತ್ತು ತಲುಪಿವೆ. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರಬೇಡ ಎಂದಿದ್ದಾರೆ ಅಂಗಡಿ ಯಜಮಾನರು. ಅಕ್ಕನಿಗೆ ಡ್ರೈವರ್ ಮೇಲೆ ಅನುಮಾನ, ಕವರ್ ಮಾರಿದವನ ಮೇಲೆ ಅನುಮಾನ, ಯಜಮಾನರ ಮೇಲೂ ಇಲ್ಲದಿಲ್ಲ.

"ತಗೊಂಡೋರು ಕಳ್ಸಿದ ಫೋಟೋದಲ್ಲಿ ನೋಡಿದೆ, ನೀರು ಗಲೀಜಾಗಿತ್ತು. ಉಪವಾಸ ಇದ್ದ ಮೀನಿನ ನೀರು ಹಾಗಾಗಲ್ಲ. ಯಾರೋ ತಿನ್ಸಿದಾರೆ."

ಅದಕ್ಕೇ ಇವತ್ತು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಾರೆ. ಅಷ್ಟರಲ್ಲಿ ಹಿಂಬಾಗಿಲು ಕಿರ್ರೆನ್ನುತ್ತದೆ. ಯಜಮಾನರ ತಾಯಿ ಮುಷ್ಟಿ ಬಿಗಿಹಿಡಿದು, ಸದ್ದಿಲ್ಲದೆ ಹೊರಡುವ ಮೀನಿನ ತೊಟ್ಟಿಯತ್ತ ನಡೆಯುತ್ತಾರೆ. ಅಕ್ಕ ಅಡ್ಡ ನಿಲ್ಲುತ್ತಾರೆ. ಮುಷ್ಟಿ ಬಿಚ್ಚಿದರೆ ಮೀನಿನ ಆಹಾರ.

"ಅಷ್ಟು ದೂರ ಹೋಗೋವು ಕಣೇ. ಬರಿ ಹೊಟ್ಟೇಲಿ ಕಳಿಸ್ತಾರಾ ಯಾರಾದ್ರೂ?"

ಅಕ್ಕ ಆ ಹಿರಿಯರ ಕೈ ಹಿಡಿದು, ಮೂಲೆಯ ಸಣ್ಣ ತೊಟ್ಟಿಯ ಬಳಿ ಕರೆದೊಯ್ಯುತ್ತಾರೆ. "ಇವು ಎಲ್ಲಿಗೂ ಹೋಗಲ್ಲಮ್ಮ. ಇವಕ್ಕೆ ಹಾಕಿ."

ಯಜಮಾನರಿಗೆ ಹೇಳುವುದಿಲ್ಲವೇ ಎಂದು ನಾನು ಕೇಳುತ್ತೇನೆ.

"ಮಗನ ಹತ್ರ ಅಮ್ಮನ್ನ ದೂರೋದಾ? ಹೊಟ್ಟೆಗೆ ಹಾಕ್ಕೊಂಡೆ ಬಿಡಿ."

ಸತ್ತ ಮೀನಿನ ಆರೋಪ ಈಗಲೂ ಇವರ ತಲೆಯ ಮೇಲೇ ಇದೆ.

ಮರುದಿನ ನಾನು ಹೋದಾಗ ಯಜಮಾನರು ಫೋನ್ ಹಿಡಿದು ಶೆಡ್ಡಿಗೆ ಬರುತ್ತಾರೆ. ನಿನ್ನೆ ಕಳಿಸಿದ ಮೀನು ಒಂದೂ ಸತ್ತಿಲ್ಲವಂತೆ. "ಈ ಸಲ ಸರಿಯಾಗಿ ಕಟ್ಟಿದ್ದೀಯಮ್ಮ."

"ಹೋದ ಸಲಾನೂ ಸರಿಯಾಗೇ ಕಟ್ಟಿದ್ದೆ ಅಣ್ಣ," ಎನ್ನುತ್ತಾರೆ ಅಕ್ಕ. ಅಷ್ಟೇ.

ಬಾಗಿಲಲ್ಲಿ ನಿಂತ ತಾಯಿ ಒಂದು ಕೈಯನ್ನು ಸೆರಗಿನಡಿ ಮುಚ್ಚಿಕೊಂಡೇ ಒಳಗೆ ಬರುತ್ತಾರೆ. "ಹೌದು ಕಣೋ. ನಾನೇ ತಿನ್ಸಿ ಕಳಿಸಿದ್ದೆ."

ಯಜಮಾನರು ನೆಲ ನೋಡುತ್ತಾರೆ. ಅಕ್ಕನ ಕಣ್ಣು ತುಂಬಿ ಬರುತ್ತದೆ. ಸೆರಗಿನಿಂದ ಒರೆಸಿಕೊಂಡು ತಾಯಿಯತ್ತ ತಿರುಗುತ್ತಾರೆ.

"ಸರಿಯಮ್ಮ. ಈಗ ಆ ಇನ್ನೊಂದು ಕೈ ತೋರ್ಸಿ."