ಬೆನ್ನು ಕೊಡುವ ಮುನ್ನ ಬಾಯಿ ಬಿಡಿ

ಹೋದ ತಿಂಗಳು ನಮ್ಮ ಅಫಜಲಪುರಕ್ಕೆ ಹೊಸ ತಹಸೀಲ್ದಾರ ಸಾಹೇಬರು ಬಂದರು. ಊರಿನ ವಕೀಲರೆಲ್ಲ ಕಚೇರಿ ಮುಂದೆ ಸಾಲಾಗಿ ನಿಂತು ಸಲಾಮು ಮಾಡಿದೆವು. ಎಲ್ಲರೂ ಬಗ್ಗಿದರು, ಎದ್ದರು. ನಾನು ಬಗ್ಗಿದೆ. ಅಷ್ಟೇ.

ಸೊಂಟದಲ್ಲಿ ಏನೋ ಚಳಕ್ ಎಂದಿತು. ಮುಂದೆ ಏಳಲಾಗಲಿಲ್ಲ. ಸಾಹೇಬರು ಕಾದರು. ಇನ್ನೂ ಸ್ವಲ್ಪ ಕಾದರು. ನನ್ನ ತಲೆಯ ರುಮಾಲು ಜಾರಿ ಅವರ ಬೂಟಿನ ಮೇಲೆ ಬಿತ್ತು. ಅವರ ಕಣ್ಣು ತುಂಬಿ ಬಂತಂತೆ (ನನಗೆ ಬೂಟು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ). "ಇಂಥ ತಹಜೀಬ್, ಇಂಥ ಮರ್ಯಾದಿ ನಾನು ಹೈದರಾಬಾದಿನಾಗೂ ಕಂಡಿಲ್ಲ" ಎಂದರು.

ಜವಾನರು ನನ್ನನ್ನು ಬಗ್ಗಿದ ಆಕಾರದಲ್ಲೇ ಎತ್ತಿಕೊಂಡು ಮನೆಗೆ ತಂದರು.

ಹಲ್ಲುನೋವು ಬಂದರೆ ಜನ ದವಾಖಾನೆಗೆ ಹೋಗು ಎನ್ನುತ್ತಾರೆ. ಬೆನ್ನುನೋವು ಬಂದರೆ ಮಾತ್ರ ಊರಿಗೆ ಊರೇ ದವಾಖಾನೆಯಾಗುತ್ತದೆ. ಒಬ್ಬರು ಇಟ್ಟಿಗೆ ಕಾಯಿಸಿ ಇಡಿ ಎಂದರು. ಒಬ್ಬರು ಬೇವಿನ ಎಣ್ಣೆ ಎಂದರು. ಕೊನೆಗೆ ಪಕ್ಕದ ಮನೆಯ ಮುದುಕಿ ಬಂದು, "ಪಾಯಾಳು ಇದ್ದೋರು ಯಾರರೆ ಒದ್ದರ ಆತು" ಎಂದುಬಿಟ್ಟಳು.

ನಮ್ಮ ಕಡೆಯವರಲ್ಲದ ಓದುಗರಿಗೆ ಹೇಳುತ್ತೇನೆ. ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಹುಟ್ಟಿದವರು ಪಾಯಾಳು. ಹಿಡಿದುಕೊಂಡ ಸೊಂಟಕ್ಕೆ ಅವರು ಮೆಲ್ಲಗೆ ಒದ್ದರೆ ನೋವು ಓಡಿಹೋಗುತ್ತದೆ ಎಂಬ ನಂಬಿಕೆ. ನಮ್ಮ ಮನೆಯಲ್ಲಿ ಪಾಯಾಳು ಯಾರು? ನನ್ನ ಹೆಂಡತಿ ಗೌರಾಬಾಯಿ! ಮದುವೆಯ ಮುಂಚೆ ಜಾತಕ ತೋರಿಸಿದ್ದರು, ಗೋತ್ರ ಹೇಳಿದ್ದರು. ಈ ವಿಷಯ ಮಾತ್ರ ಯಾರೂ ತಿಳಿಸಿರಲಿಲ್ಲ.

"ನಿಮ್ಮ ಒಳ್ಳೇದಕ್ಕ ಒದಿಯಾಕತ್ತೇನಿ, ಸುಮ್ ಮಲಗ್ರಿ" ಎಂದಳು. ಮೆಲ್ಲಗೆ ಎಂಬ ಪದದ ಅರ್ಥ ಆಕೆಗೆ ಹೇಗೆ ತಿಳಿದಿದೆಯೋ ನಾನರಿಯೆ. ಸಂಸಾರದ ಬಾಕಿಯೆಲ್ಲ ಒಂದೇ ಒದೆಯಲ್ಲಿ ತೀರಿತು. ನೋವು ಓಡಲಿಲ್ಲ. ಓಡುವ ಶಕ್ತಿ ಇದ್ದಿದ್ದರೆ ನಾನೇ ಓಡುತ್ತಿದ್ದೆ.

ಹಾಗಾಗಿ ಆಳಂದಕ್ಕೆ ಹೊರಟೆವು. ಆಳಂದ ಗೌರಾಬಾಯಿಯ ತವರು. ಅಲ್ಲಿ ಒಬ್ಬ ಮಹಬೂಬ ಪೈಲ್ವಾನ ಇದ್ದಾನೆ, ಬೆನ್ನು ತಿರುಚಿ ಎಲುಬು ಕೂಡಿಸುವುದರಲ್ಲಿ ಹೆಸರಾದವನು ಎಂದು ಮಾವನವರು ಹೇಳಿಕಳಿಸಿದ್ದರು. ಈ ವಿದ್ಯೆಗೆ ಅಮೆರಿಕದಲ್ಲಿ ಕಾಯ್ರೊಪ್ರಾಕ್ಟಿಕ್ ಎಂದು ಹೆಸರಿಟ್ಟು ಕಾಲೇಜನ್ನೇ ಕಟ್ಟಿದ್ದಾರಂತೆ; ನಮ್ಮ ವಕೀಲರ ಬಾರ್ ರೂಮಿನ ಹಳೆಯ ಮ್ಯಾಗಜೀನಿನಲ್ಲಿ ಓದಿದ್ದೆ. ಕೋಟು ಹಾಕಿಕೊಂಡು ತಿರುಚಿದರೆ ಡಾಕ್ಟರ್, ಲಂಗೋಟಿಯಲ್ಲಿ ತಿರುಚಿದರೆ ಪೈಲ್ವಾನ. ವ್ಯತ್ಯಾಸ ಇಷ್ಟೇ ಇರಬೇಕು ಎಂದುಕೊಂಡೆ.

ಈ ಮಹಾಯುದ್ಧದಿಂದಾಗಿ ಪೆಟ್ರೋಲು ಕಾಣೆಯಾಗಿ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿವೆಯಲ್ಲ? ಅಂಥದೊಂದರಲ್ಲಿ ಆಳಂದ ಮುಟ್ಟಿದೆವು. ಬೆನ್ನುನೋವು ಇಲ್ಲದವರು ಆ ಬಸ್ಸು ಹತ್ತಿದರೆ ಪೈಲ್ವಾನನಿಗೆ ಗಿರಾಕಿಯಾಗಿಯೇ ಇಳಿಯುತ್ತಾರೆ.

ಪೈಲ್ವಾನನ ದವಾಖಾನೆ ಎಂದರೆ ಹಳೆಯ ತಾಲೀಮು, ಅಂದರೆ ಗರಡಿಮನೆ. ಕುಸ್ತಿಯ ಕೆಂಪು ಮಣ್ಣು, ಗೋಡೆಗೆ ಒರಗಿದ ಗದೆಗಳು, ಎಣ್ಣೆಯ ವಾಸನೆ. ಚಾಪೆಗಳ ಮೇಲೆ ಗಂಡಸರು ಬೋರಲು ಮಲಗಿದ್ದರು. ಹೆಂಗಸರು ಹೊರಗಿನ ಕಟ್ಟೆಯ ಮೇಲೆ. ಗೌರಾಬಾಯಿ ಅಲ್ಲಿ ಕೂತಳು. ನನ್ನನ್ನು ಒಂದು ಚಾಪೆಯ ಮೇಲೆ ಹರವಿದರು.

ಪೈಲ್ವಾನ ಬಂದ. ಬಾಗಿಲಿನಷ್ಟು ಅಗಲ. ಯಾರಿಗೆ ಏನು ನೋವು, ಯಾವಾಗಿನಿಂದ ಎಂದು ಒಂದು ಮಾತು ಕೇಳಲಿಲ್ಲ. ನಾನೇ ಬಾಯಿ ತೆರೆದೆ.

"ಅರೆ ವಕೀಲ್ ಸಾಬ್, ಇಲ್ಲಿ ಪೇಶಂಟ್ ಮಾತಾಡಂಗಿಲ್ಲ. ಎಲುಬ ಮಾತಾಡ್ತಾವ, ನನ್ನ ಕೈ ಕೇಳ್ತದ. ಚುಪ್ ಮಲಗ್ರಿ."

ಬಾಯಿಯ ಮೇಲೆ ಬದುಕುವವನಿಗೆ ಇಂಥ ಮಾತು! ಅವನೋ ಮಣ್ಣಿನಲ್ಲಿ ಅಡ್ಡಾಡುತ್ತ ತನ್ನ ಕೀರ್ತಿ ಹೇಳಿಕೊಳ್ಳತೊಡಗಿದ. ಬೆನ್ನು ಹಿಡಿದು ದಮ್ಮು ವಾಸಿ ಮಾಡಿದ್ದಾನಂತೆ. ಜೇವರ್ಗಿಯ ಕಿವುಡನೊಬ್ಬನ ಬೆನ್ನೆಲುಬು ಎಳೆದ ಕೂಡಲೇ ಅವನಿಗೆ ಮಸೀದಿಯ ಬಾಂಗ್ ಕೇಳಿಸಿತಂತೆ. ಮಕ್ಕಳಿಲ್ಲದವರೂ ಬರುತ್ತಾರಂತೆ. (ಯಾರ ಬೆನ್ನು ಹಿಡಿಯುತ್ತಾನೆ ಎಂದು ಕೇಳಲು ಧೈರ್ಯವಾಗಲಿಲ್ಲ.)

ನನ್ನ ಪಕ್ಕದ ಚಾಪೆಯಲ್ಲಿದ್ದವನು ಹಿರೋಳ್ಳಿಯ ಒಕ್ಕಲಿಗ ಮಲ್ಲಪ್ಪ. ನನ್ನ ಪಾಳಿಗಿಂತ ಮೊದಲು ಅವನದು. ಹಿಂದಿನ ದಿನ ಜೋಳದ ಕಣಿಕೆಯ ಬಣವೆ ಒಟ್ಟುತ್ತ ಮೇಲಿನಿಂದ ಬಿದ್ದಿದ್ದ. ಹೆಂಡತಿ ಸಿದ್ದವ್ವ ಚಕ್ಕಡಿಯಲ್ಲಿ ಹಾಕಿಕೊಂಡು ಬಂದಿದ್ದಳು. ಗಟ್ಟಿಮುಟ್ಟಾದ ಆಳು. ನರಳುತ್ತಿರಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು. ಸಲಾಮು ಮಾಡಿ ಬಂದವನು ನಾನು ಅಷ್ಟು ನರಳುತ್ತಿರುವಾಗ ಬಣವೆಯಿಂದ ಬಿದ್ದವನು ಸುಮ್ಮನಿದ್ದಾನಲ್ಲ?

ಸಿದ್ದವ್ವ ಬಾಗಿಲಲ್ಲಿ ನಿಂತು, "ಪೈಲ್ವಾನರೇ, ಇವರ ಕಾಲು..." ಎಂದಳು.

"ಚುಪ್!" ಎಂದ ಪೈಲ್ವಾನ.

"ಅಲ್ರೀ, ಮುಂಜಾನಿಂದ..."

"ನೀ ಚುಪ್ ಕುಂದ್ರ್ ಬೇ. ಎರಡು ಪಟ್ಟು ಹಾಕಿದ್ರ ಓಡಿಕೋತ ಬರ್ತಾನ ನಿನ್ನ ಗಂಡ."

ಸಿದ್ದವ್ವ ಕಟ್ಟೆಗೆ ಮರಳಿದಳು. ಅಲ್ಲಿ ಗೌರಾಬಾಯಿಯ ಮುಂದೆ ಅತ್ತಳು. ಎರಡು ನಿಮಿಷಕ್ಕೆ ಬಾಗಿಲಲ್ಲಿ ನನ್ನ ಹೆಂಡತಿಯ ದನಿ.

"ಏನ್ರೀ! ಈ ತಾಯಿ ಗಂಡಗ ಕಾಲಿನ ಖಬರೇ ಇಲ್ಲಂತ. ಧೋತ್ರ ತೊಯ್ಸಿಕೊಂಡಿದ್ದೂ ಗೊತ್ತಾಗಿಲ್ಲಂತ. ನಿಮ್ಮ ಪೈಲ್ವಾನಗ ಹೇಳ್ರಿ!"

ಪೈಲ್ವಾನ ಆಗಲೇ ಮಲ್ಲಪ್ಪನ ಸೊಂಟದ ಮೇಲೆ ಮೊಣಕಾಲು ಊರಿ, ಹೆಗಲಿಗೆ ಕೈ ಹಾಕಿದ್ದ. ಇನ್ನು ತಿರುಚುವುದೊಂದೇ ಬಾಕಿ. ನನಗೆ ವೈದ್ಯವಿದ್ಯೆ ಬರುವುದಿಲ್ಲ. ತಾರೀಖು ಮುಂದೂಡುವುದು ಬರುತ್ತದೆ. (ಈತನ ಕೆಲಸ ತಡವಾದರೆ ನನ್ನ ಪಾಳಿಯೂ ತಡವಾಗುತ್ತದೆ ಎಂಬ ಸಣ್ಣ ಆಸೆಯೂ ಇತ್ತು.) ಬೋರಲು ಮಲಗಿದ್ದಲ್ಲಿಂದಲೇ ಪಾಟಿಸವಾಲು ಶುರು ಮಾಡಿದೆ.

"ಪೈಲ್ವಾನರೇ, ಒಂದು ಸವಾಲು. ಈತನ ಕಾಲು ಮುಟ್ಟಿದ್ರ ಈತಗ ಗೊತ್ತಾಗ್ತದೋ ಇಲ್ಲೋ, ನೋಡೀರೇನು?"

"ನಂದು ಬೆನ್ನಿನ ಕೆಲಸ, ವಕೀಲ್ ಸಾಬ್. ಕಾಲಿಂದಲ್ಲ."

"ಅಂದ್ರ ಬೆನ್ನಿಗೂ ಕಾಲಿಗೂ ಸಂಬಂಧ ಇಲ್ಲಂತೀರಿ."

"ಬಿಲ್ಕುಲ್ ಇಲ್ಲ."

"ಹಂಗಾರ ಬೆನ್ನಿಗೂ ಜೇವರ್ಗಿಯವನ ಕಿವಿಗೂ ಏನು ಸಂಬಂಧ?"

ಚಾಪೆಗಳ ಮೇಲಿದ್ದ ಬೆನ್ನುಗಳೆಲ್ಲ ನಗಲು ಹೋಗಿ, ನೋವಾಗಿ, ಅಯ್ಯಯ್ಯೋ ಎಂದವು. ಪೈಲ್ವಾನನ ಮುಖ ಕೆಂಪಾಯಿತು. ನನ್ನನ್ನು ಎತ್ತಿ ಒಗೆಯುತ್ತಾನೆ ಎಂದು ಕಣ್ಣು ಮುಚ್ಚಿದೆ. ಆದರೆ ಆತ ಮಲ್ಲಪ್ಪನನ್ನು ಬಿಟ್ಟು ಎದ್ದ. ಹೊರಗೆ ಬೇಲಿಯಿಂದ ಜಾಲಿಯ ಮುಳ್ಳೊಂದನ್ನು ಮುರಿದು ತಂದ. ನನ್ನನ್ನು ಸುಳ್ಳುಗಾರನನ್ನಾಗಿ ಮಾಡುವ ಉದ್ದೇಶ, ಬೇರೇನಲ್ಲ. ಮಲ್ಲಪ್ಪನ ಅಂಗಾಲಿಗೆ ಚುಚ್ಚಿದ.

"ಏನ್ ಗೊತ್ತಾಗಾಕತ್ತದ?"

"ಏನ್ರಿ? ಯಾವಾಗ ಚುಚ್ತೀರಿ?" ಎಂದ ಮಲ್ಲಪ್ಪ.

ಮೀನಖಂಡಕ್ಕೆ ಚುಚ್ಚಿದ. ತೊಡೆಗೆ ಚುಚ್ಚಿದ. ರಕ್ತದ ಹನಿ ಮೂಡಿತು. ಮಲ್ಲಪ್ಪ ಇನ್ನೂ ಚುಚ್ಚುವುದನ್ನೇ ಕಾಯುತ್ತಿದ್ದ. ಪೈಲ್ವಾನ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತ. ತನ್ನ ಕೈಗಳನ್ನೇ ನೋಡಿಕೊಂಡ. ನಿಮಿಷದ ಹಿಂದೆ ಅವು ಏನು ಮಾಡುವುದರಲ್ಲಿದ್ದವು ಎಂದು ಅವನಿಗೆ ಹೊಳೆದಿರಬೇಕು.

ಆಮೇಲೆ ಎಲ್ಲರೂ ಮಾಡುವುದನ್ನೇ ಮಾಡಿದ. ಸಿದ್ದವ್ವನ ಮೇಲೆ ರೇಗಿದ.

"ಮೊದಲ ಯಾಕ ಹೇಳ್ಲಿಲ್ಲ ಬೇ?"

"ಬಾಯಿ ತೆಗದಾಗೆಲ್ಲ ಚುಪ್ ಅಂದ್ರಲ್ರಿ!" ಎಂದಳು ಸಿದ್ದವ್ವ.

ಪೈಲ್ವಾನ ಮಣ್ಣು ಕೊಡವಿ ಎದ್ದ. "ಇದು ನನ್ನ ಕೈಯಾಂದಲ್ಲ. ಸೋಲಾಪುರದ ದೊಡ್ಡ ದವಾಖಾನಿಗೆ ಒಯ್ರಿ" ಎಂದ. ಸುಮ್ಮನೆ ಹೇಳಿ ಕಳಿಸಲಿಲ್ಲ, ಅದನ್ನೂ ಹೇಳಬೇಕು. ತಾಲೀಮಿನ ಬಾಗಿಲಿನ ಒಂದು ಕದವನ್ನು ಕಿತ್ತು, ಅದರ ಮೇಲೆ ಮಲ್ಲಪ್ಪನನ್ನು ಅಲುಗಾಡದಂತೆ ಮಲಗಿಸಿ ರುಮಾಲಿನಿಂದ ಬಿಗಿದ. ತಾನೇ ಒಂದು ತುದಿ ಹಿಡಿದು ಬಸ್ಸಿನವರೆಗೆ ಹೊತ್ತ. ಹಿಂದಿನ ಸೀಟಿನವರನ್ನು ಎಬ್ಬಿಸಿದ. ಅಂಥ ಮೈಕಟ್ಟಿನವನು ಏಳಿ ಎಂದರೆ ಯಾರು ಏಳುವುದಿಲ್ಲ?

ವಾಪಸು ಬಂದು ನನ್ನ ಮುಂದೆ ನಿಂತ. ಈ ಸಲ ಕೇಳಿದ.

"ಕಾಲಾಗ ಜೋಮು ಅದ ಏನ್ರಿ? ಜ್ವರ? ಎಲ್ಲಿಯರೆ ಬಿದ್ದೀರೇನು?"

"ಬಿದ್ದಿಲ್ಲ. ಬಗ್ಗೀನಿ."

ಮಗ್ಗುಲಾಗಿ ಮಲಗಿಸಿ, ಹೆಗಲು ಅತ್ತ, ಸೊಂಟ ಇತ್ತ ಮಾಡಿದ. ಕಟಕ್! ನನ್ನ ಕೂಗು ಕೇಳಿ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಹರಿದುಕೊಂಡಿತಂತೆ. ಆದರೆ ಎದ್ದು ನಿಂತೆ. ನೆಟ್ಟಗೆ! "ನೋಡ್ರಿ, ಎಲುಬು ಜಾಗಕ್ಕ ಕುಂತ ಸಪ್ಪಳ" ಎಂದ. ಬೆರಳಿನ ನೆಟಿಗೆ ಮುರಿದಾಗಲೂ ಸಪ್ಪಳ ಬರುತ್ತದೆ, ಬೆರಳುಗಳೇನು ಜಾಗ ಬಿಟ್ಟಿರುತ್ತವೆಯೇ? ಕೇಳಲಿಲ್ಲ. ಗೆದ್ದ ಕೇಸಿನಲ್ಲಿ ವಾದ ಮಾಡಬಾರದು.

ಅಷ್ಟರಲ್ಲಿ ಅವನ ಕೈ ನನ್ನ ಕುತ್ತಿಗೆಗೆ ಬಂತು. "ಇದನ್ನೂ ಒಮ್ಮೆ ಕಟಕ್ ಅನಿಸಿಬಿಡ್ತೇನಿ."

"ಕುತ್ತಿಗಿ ನೋವಿಲ್ಲ, ಮಾರಾಯಾ!"

"ಇಲ್ಲಂದ್ರೇನು? ಮುಂದ ಬರಬಾರದಲ್ಲ?"

ಓದುಗರೇ, ಮೊದಲ ಸಲ ಬೆನ್ನು ತೋರಿಸಲು ಹೋಗುವವರು ಇದೊಂದು ನೆನಪಿಡಿ: ನೋಯದ ಕಡೆಗೆ ಕೈ ಬಂದರೆ ಕೈ ಹಿಡಿದು ನಿಲ್ಲಿಸಿ. ಅದರಲ್ಲೂ ಕುತ್ತಿಗೆ! ಅದರ ಮೇಲೆ ತಲೆ ಇರುತ್ತದೆ. ಏನು ಮಾಡುತ್ತೀ, ಯಾಕೆ ಮಾಡುತ್ತೀ ಎಂದು ಕೇಳುವುದು ನಿಮ್ಮ ಹಕ್ಕು. ಬೆನ್ನು ನಿಮ್ಮದೇ ತಾನೆ? ಬಿದ್ದಿದ್ದರೆ, ಕಾಲು ಜೋಮು ಹಿಡಿದಿದ್ದರೆ, ಉಚ್ಚೆಯ ಹಿಡಿತ ತಪ್ಪಿದ್ದರೆ ಅವನು ಚುಪ್ ಎಂದರೂ ಕೂಗಿ ಹೇಳಿ. ಅಂಥ ಬೆನ್ನು ದೊಡ್ಡ ದವಾಖಾನೆಗೆ ಹೋಗಬೇಕಾದದ್ದು. ತಿರುಚಿಸಿಕೊಂಡ ಮಾರನೆಯ ದಿನ ಕುಸ್ತಿಯಲ್ಲಿ ಸೋತವರ ಹಾಗೆ ಮೈ ನೋಯುತ್ತದೆ, ಗಾಬರಿ ಬೇಡ. ಬಿಸಿನೀರು, ಸ್ವಲ್ಪ ಅಡ್ಡಾಟ. ನೋವು ಹೋದಮೇಲೂ ಪ್ರತಿ ಶುಕ್ರವಾರ ಜೀವ ಇರೋವರೆಗೂ ಬರಬೇಕು ಎಂದರೆ (ನನಗೆ ಎಂದ) ಕೈಮುಗಿದು ಮನೆಗೆ ಹೊರಟುಬಿಡಿ.

ಸೋಲಾಪುರದಲ್ಲಿ ಎಕ್ಸ್-ರೇ ತೆಗೆದರು. ಮಲ್ಲಪ್ಪನ ಬೆನ್ನೆಲುಬು ಒಡೆದಿತ್ತು. ಅದನ್ನು ತಿರುಚಿದ್ದರೆ ಕಾಲಿನ ಆಸೆ ಬಿಡಬೇಕಾಗಿತ್ತು ಎಂದರಂತೆ ಡಾಕ್ಟರು. ಈಗ ಪ್ಲಾಸ್ಟರಿನಲ್ಲಿ ಮಲಗಿದ್ದಾನೆ. ಮೊನ್ನೆ ಸಿದ್ದವ್ವ ಮಾವನವರ ಮನೆಗೆ ಬಂದು ಹೇಳಿಹೋದಳಂತೆ: ಹೆಬ್ಬೆರಳು ಅಲುಗಿಸಿದನಂತೆ. ಮುಳ್ಳು ಚುಚ್ಚಿದರೆ ಬೈಯುತ್ತಾನಂತೆ. ಗಂಡನ ಬೈಗುಳ ಕೇಳಿ ಅಷ್ಟು ಖುಷಿಪಟ್ಟ ಹೆಂಗಸನ್ನು ತಾವು ಕಂಡಿಲ್ಲ ಎಂದು ಅತ್ತೆಯವರು ಹೇಳಿಕಳಿಸಿದ್ದಾರೆ.

ಪೈಲ್ವಾನನೂ ಬದಲಾಗಿದ್ದಾನೆ. ಈಗ ಬಂದವರನ್ನೆಲ್ಲ ಕೂರಿಸಿಕೊಂಡು ಬಿದ್ದೆಯಾ, ಜ್ವರವೇ, ಜೋಮೇ ಎಂದು ಕೇಳುತ್ತಾನಂತೆ. ಅರ್ಧ ಗಿರಾಕಿ ಕಡಿಮೆಯಾಗಿದ್ದಾರೆ. ಮಾವನವರು ಮೊಣಕಾಲು ತೋರಿಸಲು ಹೋಗಿ ಸಿಟ್ಟಿನಿಂದ ಎದ್ದು ಬಂದರು.

"ಅವಗೇನ್ ಬರ್ತದ್ರಿ ಅಳಿಯಂದ್ರ? ಎಲ್ಲಾ ನಮ್ಮನ್ನೇ ಕೇಳ್ತಾನ!"

ಈ ರೋಗಕ್ಕೆ ಯಾವ ಎಲುಬು ಎಳೆಯಬೇಕು, ಬಲ್ಲವರು ತಿಳಿಸುವಿರಾ?