ಮಾವನ ಫೋಟೊ ನಡುವಿನಲ್ಲೇ ಇರಬೇಕು

ವೆಬ್‌ಸೈಟ್ ಮಾಡುವವಳು ಎಂದರೆ ನಮ್ಮ ಊರಿನಲ್ಲಿ ಎರಡು ಪ್ರಶ್ನೆ ಖಾಯಂ. ಒಂದು, "ಪ್ರಿಂಟರ್ ಸರಿ ಮಾಡ್ಲಿಕ್ಕೆ ಬರ್ತದಾ?" ಇನ್ನೊಂದು, "ಬಣ್ಣ ಎಲ್ಲ ಕಂಪ್ಯೂಟರೇ ಕೊಡುವುದಲ್ವಾ?" ಕೊಡುವುದಿಲ್ಲ ಮಾರಾಯ್ರೇ. ಅದರಷ್ಟಕ್ಕೆ ಬಿಟ್ಟರೆ ಅದು ಬಿಳಿ ಹಾಳೆಯ ಮೇಲೆ ಕರಿ ಅಕ್ಷರಗಳನ್ನು ಎಡಗಡೆಗೆ ಸುರಿದು ಕೈ ತೊಳೆದುಕೊಳ್ಳುತ್ತದೆ. ಯಾವುದು ಎಲ್ಲಿ ಕೂರಬೇಕು, ಎಷ್ಟು ದೊಡ್ಡದಿರಬೇಕು, ಪಕ್ಕದವರಿಂದ ಎಷ್ಟು ದೂರ ಇರಬೇಕು ಎಂದು ಒಂದೊಂದನ್ನೂ ಸಾಲು ಸಾಲಾಗಿ ಬರೆದು ಹೇಳಬೇಕು. ಆ ಬರವಣಿಗೆಗೆ ಸ್ಟೈಲ್ ಶೀಟ್ ಎನ್ನುತ್ತಾರೆ. ಬನ್ನಂಜೆಯ ಒಂದು ಮಹಡಿ ಕೋಣೆಯಲ್ಲಿ ಕೂತು ಅದನ್ನೇ ಬರೆದು ಅನ್ನ ತಿನ್ನುತ್ತಿದ್ದೇನೆ. ಬೆನ್ನುನೋವು ಬೋನಸ್.

ಗಿರಾಕಿಗಳಲ್ಲಿ ಅತ್ಯಂತ ಕಷ್ಟದವರು ಸಂಬಂಧಿಕರು. ಅವರಿಗೆ "ಇದು ಆಗುವುದಿಲ್ಲ" ಎಂದರೆ ಮುಂದಿನ ಮದುವೆಯಲ್ಲಿ ಊಟದ ಸಾಲಿನಲ್ಲಿ ಪಕ್ಕ ಕೂತು ಸೇಡು ತೀರಿಸುತ್ತಾರೆ. ಹಾಗಾಗಿ ಕಾರ್ಕಳದಲ್ಲಿ ಹೋಟೆಲು ನಡೆಸುವ ನನ್ನ ಸೋದರಮಾವ ಫೋನ್ ಮಾಡಿದಾಗ ಎರಡು ಸಲ ರಿಂಗಾಗಲು ಬಿಟ್ಟೇ ಎತ್ತಿದೆ.

"ಮಣಿಪಾಲದಲ್ಲಿ ಬ್ರಾಂಚ್ ಓಪನ್ ಮಾಡ್ತಾ ಇದ್ದೇನೆ. ಅಲ್ಲಿಯ ಮಕ್ಕಳು ಊಟಕ್ಕೆ ಹೋಗುವ ಮೊದಲು ಮೊಬೈಲ್ ನೋಡ್ತಾರಂತೆ. ನಮ್ಮದೂ ಒಂದು ಪೇಜ್ ಬೇಕು. ನಿನಗೆ ಅದೆಲ್ಲ ಐದು ನಿಮಿಷದ ಕೆಲಸ ಅಲ್ವಾ?"

ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಬೈಗುಳದ ರುಚಿ ಅರ್ಧ ಹೋಗಿದೆ, ಏನು ಮಾಡುವುದು.

ಆ ಹೋಟೆಲನ್ನು ಶುರು ಮಾಡಿದ್ದು ಮಾವ ಅಲ್ಲ, ದೊಡ್ಡಮ್ಮ. ನನ್ನ ಅಮ್ಮನಿಗೂ ಮಾವನಿಗೂ ಅಕ್ಕ. ಮನೆಯ ಜಗಲಿಯಲ್ಲಿ ಬೆಂಚು ಹಾಕಿ, ಬಸ್ಸಿನ ಡ್ರೈವರು ಕಂಡಕ್ಟರುಗಳಿಗೆ ನೀರುದೋಸೆ, ಕೋಳಿ ಸಾರು ಬಡಿಸಿದವರು. ಆಗ ಮಾವ ಎಂತ ಮಾಡುತ್ತಿದ್ದರು ಎಂದರೆ, ತಿನ್ನುತ್ತಿದ್ದರು. ಆಮೇಲೆ ಹೋಟೆಲು ದೊಡ್ಡದಾಗಿ ಗಲ್ಲಾಪೆಟ್ಟಿಗೆ ಬಂತು. ಮಾವ ಅದರ ಹಿಂದೆ ಕೂತರು, ಇನ್ನೂ ಎದ್ದಿಲ್ಲ.

ಈಗ ದೊಡ್ಡಮ್ಮನಿಗೆ ಎರಡೂ ಕಣ್ಣು ಹೋಗಿವೆ. ಆದರೂ ಅಡುಗೆಮನೆಯಲ್ಲಿ ಹಿಟ್ಟಿಗೆ ಕೈ ಅದ್ದಿ "ನೀರು ಸಾಲದು" ಎಂದರೆ ಅದೇ ಕೊನೆಯ ಮಾತು. ಅವರ ಮೊಬೈಲಿನಲ್ಲಿ ಪರದೆಯ ಮೇಲೆ ಇರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ದನಿಯೊಂದನ್ನು ನಾನೇ ಚಾಲೂ ಮಾಡಿಕೊಟ್ಟಿದ್ದೆ. "ಇದರ ಒಳಗಿನ ಹೆಂಗಸು ಸತ್ತ ಸುದ್ದಿಯನ್ನೂ ಹುಟ್ಟುಹಬ್ಬವನ್ನೂ ಒಂದೇ ರಾಗದಲ್ಲಿ ಹೇಳ್ತಾಳೆ, ನಾಚಿಕೆ ಇಲ್ಲದವಳು" ಎಂದು ಅದಕ್ಕೆ ಬೈಯುತ್ತಲೇ ದಿನವಿಡೀ ಕೇಳುತ್ತಾರೆ.

ಕೆಲಸದ ಮಾತಿಗೆಂದು ಕಾರ್ಕಳಕ್ಕೆ ಹೋದ ದಿನ ದೊಡ್ಡಮ್ಮ ನನ್ನ ತಟ್ಟೆಗೆ ದೋಸೆ ಹಾಕುತ್ತಾ ಮೆಲ್ಲಗೆ ಕೇಳಿದರು.

"ಅದರಲ್ಲಿ ನಾನೂ ಉಂಟಾ ಮಗಾ?"

"ಉಂಟು ದೊಡ್ಡಮ್ಮ."

"ನಾನು ಶುರು ಮಾಡಿದ್ದು ಅಂತ ಒಂದು ಸಾಲು ಹಾಕ್ತೀಯಾ? ಕಾರ್ಕಳದವರಿಗೆ ಗೊತ್ತುಂಟು. ಮಣಿಪಾಲದವರಿಗೆ ಹೇಗೆ ಗೊತ್ತಾಗಬೇಕು?"

ಇಷ್ಟು ವರ್ಷದಲ್ಲಿ ದೊಡ್ಡಮ್ಮ ನನ್ನ ಬಳಿ ಏನಾದರೂ ಕೇಳಿದ್ದು ಅದೊಂದೇ. ಹಾಕುತ್ತೇನೆ ಎಂದೆ.

ಮಾವನಿಗೋ ಒಂದೇ ಶರತ್ತು. "ಕಟಪಾಡಿ ಜಂಕ್ಷನ್ನಿನಲ್ಲಿ ಬ್ಯಾನರ್ ನೋಡಿದ್ದೀಯಲ್ಲ? ಹಾಗೆ ಮಾಡು. ನಾನು ನಡುವಿನಲ್ಲಿ. ಆಚೆ ಈಚೆ ಉಳಿದವರು." ನಮ್ಮ ಕಡೆ ಯಾರು ಗೆದ್ದರೂ ಸತ್ತರೂ ಕ್ರಿಕೆಟ್ ಟೂರ್ನಮೆಂಟ್ ಆದರೂ ಬ್ಯಾನರ್ ಏಳುತ್ತದೆ. ಅದರಲ್ಲಿ ನಡುವಿನ ಫೋಟೊ ಯಾರದೋ ಅವನೇ ದೊಡ್ಡ ಜನ. ಅದು ಕಾನೂನಿಗಿಂತ ಗಟ್ಟಿ. ಸರಿ ಎಂದು ಪುಟವನ್ನು ಉದ್ದಕ್ಕೆ ಸೀಳಿ ಪಕ್ಕ ಪಕ್ಕ ಮೂರು ಕಂಬ ಮಾಡಿದೆ. ಎಡಕ್ಕೆ ದೊಡ್ಡಮ್ಮ, ಅವರ ಕೆಳಗೆ "ಈ ಹೋಟೆಲನ್ನು ಶುರು ಮಾಡಿದವರು" ಎಂಬ ಸಾಲು. ನಡುವಿನಲ್ಲಿ ಮಾವ, "ಮಾಲಕರು". ಬಲಕ್ಕೆ ಕುವೈತಿನಲ್ಲಿರುವ ಮಾವನ ಅಳಿಯ.

ಮಾವನ ಫೋಟೊ ಕೂರಿಸುವುದೇ ಒಂದು ಸಾಹಸವಾಯಿತು. ನಿಂತುಕೊಂಡು ತೆಗೆಸಿದ್ದು, ಉದ್ದ. ಚೌಕಟ್ಟೋ ದುಂಡಗೆ. ಚೌಕಟ್ಟು ತುಂಬುವಷ್ಟು ಚಿತ್ರ ಹಾಕು ಎಂದರೆ ಬ್ರೌಸರು ಹೆಚ್ಚಾದದ್ದನ್ನು ಮೇಲಿಂದ ಕೆಳಗಿಂದ ಕತ್ತರಿಸಿ ನಡುಭಾಗ ಉಳಿಸಿಕೊಳ್ಳುತ್ತದೆ. ಮಾವನ ನಡುಭಾಗ ಸಣ್ಣದಲ್ಲ. ದುಂಡಗಿನ ಚೌಕಟ್ಟಿನಲ್ಲಿ ದುಂಡಗಿನ ಹೊಟ್ಟೆ ಬಂದು ಕೂತಿತು, ಕೆಳಗೆ "ಮಾಲಕರು" ಎಂದು ಬರೆದಿತ್ತು. ಹಾಗೇ ಬಿಡುವ ಆಸೆ ನನಗೆ ಬಲವಾಗಿಯೇ ಬಂದಿತ್ತು. ಕೊನೆಗೆ, ಚಿತ್ರವನ್ನು ಮೇಲಿನಿಂದ ಹಿಡಿ ಎಂದು ಒಂದು ಸಾಲು ಬರೆದ ಮೇಲೆ ಮೀಸೆ ಕಾಣಿಸಿತು.

ಪುಟ ತೆರೆದುಕೊಂಡ ಮರುದಿನ ಮಾವ ಕಾಪುವಿಗೆ ಯಾವುದೋ ಮುಂಜಿಗೆ ಹೋಗಿ, ಅಲ್ಲಿ ನಾಲ್ಕು ಜನರ ಎದುರು ಮೊಬೈಲ್ ಬಿಡಿಸಿದ್ದಾರೆ. ಮೊಬೈಲಿನ ಪರದೆಯಲ್ಲಿ ಮೂರು ಕಂಬ ಪಕ್ಕ ಪಕ್ಕ ಹಿಡಿಸುವುದಿಲ್ಲ. ಒಂದರ ಕೆಳಗೆ ಒಂದು ಬರುತ್ತವೆ, ಎಡಗಡೆಯದು ಮೊದಲು. ಹಾಗಾಗಿ ಪುಟ ತುಂಬ ದೊಡ್ಡಮ್ಮ. ಮಾವ ಬೇಕಾದರೆ ಕೆಳಗೆ ಸರಿಸಿ ನೋಡಬೇಕು. ಅಲ್ಲಿಂದಲೇ ನನಗೆ ಫೋನ್ ಬಂತು.

"ಎಂತ ಮಾರಾಯ್ತಿ ಇದು! ನನ್ನನ್ನು ನಡುವಿನಲ್ಲಿ ಹಾಕು ಅಂದರೆ ಅಡಿಗೆ ಹಾಕಿದ್ದೀಯಲ್ಲ!"

"ನಡುವಿನಲ್ಲೇ ಇದ್ದೀರಿ ಮಾವ. ಮೇಲೆ ಒಬ್ಬರು, ಕೆಳಗೆ ಒಬ್ಬರು."

"ನಿನ್ನ ತಲೆ! ಮತ್ತೆ ಆ ಶುರು ಮಾಡಿದವರು ಅನ್ನುವ ಸಾಲು ತೆಗಿ. ಗಿರಾಕಿಗಳು ಮಾಲಕ ಯಾರು ಅಂತ ಕೇಳ್ತಾರೆ."

"ದೊಡ್ಡಮ್ಮನಿಗೆ ಬೇಜಾರಾಗುವುದಿಲ್ಲವಾ?"

"ಅಕ್ಕನಿಗೆ ಹೇಗೂ ಕಣ್ಣು ಕಾಣುವುದಿಲ್ಲ. ಆ ಸಾಲು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ."

ನನ್ನ ಮೈ ಉರಿದುಹೋಯಿತು. ಆದರೆ ಬಾಯಿಬಿಟ್ಟು ಹೇಳಿದರೆ ಮಾವ ಇನ್ನೊಬ್ಬನಿಂದ ಪುಟ ಮಾಡಿಸುತ್ತಿದ್ದರು, ದೊಡ್ಡಮ್ಮನ ಫೋಟೊವೂ ಹೋಗುತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅದಕ್ಕೆ ನನ್ನ ಕಸುಬಿನಲ್ಲಿ ಎರಡು ಉಪಾಯ ಉಂಟು.

ಮೊದಲನೆಯದು, ಮೊಬೈಲಿನಲ್ಲಿ ಮಾವನ ಕಂಬಕ್ಕೆ ಆರ್ಡರ್ ಮೈನಸ್ ಒಂದು ಎಂದು ಕೊಟ್ಟೆ. ಹಾಗೆಂದರೆ ಎಲ್ಲರಿಗಿಂತ ಮೇಲೆ ಹೋಗಿ ಕೂರು ಎಂದರ್ಥ. ಆದರೆ ಅದು ಕಣ್ಣಿಗೆ ಮಾತ್ರ. ಒಳಗೆ ಬರೆದಿಟ್ಟ ಪುಟದಲ್ಲಿ ದೊಡ್ಡಮ್ಮನೇ ಮೊದಲು, ಓದಿ ಹೇಳುವ ದನಿ ಆ ಒಳಗಿನ ಸಾಲನ್ನೇ ಹಿಡಿದು ಹೋಗುತ್ತದೆ. ಎರಡನೆಯದು, ಆ "ಶುರು ಮಾಡಿದವರು" ಎಂಬ ಸಾಲನ್ನು ಅಳಿಸಲಿಲ್ಲ. ಅಳಿಸಿದರೆ, ಅಥವಾ ಪೂರ್ತಿ ಮಾಯ ಮಾಡಿದರೆ, ದನಿಗೂ ಅದು ಸಿಗುವುದಿಲ್ಲ. ಅದನ್ನು ಪರದೆಯ ಒಂದೇ ಚುಕ್ಕಿಯಷ್ಟು ಜಾಗಕ್ಕೆ ಮುದುಡಿಸಿ ಉಳಿದದ್ದನ್ನು ಕತ್ತರಿಸಿದೆ. ಕಣ್ಣಿಗೆ ಇಲ್ಲ, ಕಿವಿಗೆ ಉಂಟು.

ಮಾವನ ಮೊಬೈಲಿನಲ್ಲಿ ಮಾವ ಮೊದಲು. ದೊಡ್ಡಮ್ಮನ ಮೊಬೈಲಿನಲ್ಲಿ ದೊಡ್ಡಮ್ಮ ಮೊದಲು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು ನಮ್ಮೂರಿನ ಡಯಾನಾ ಹೋಟೆಲಿನ ಐಸ್‌ಕ್ರೀಮಿನಷ್ಟು ತಣ್ಣಗಾಗಿ ಮಲಗಿದೆ.

ಮಣಿಪಾಲದ ಹೋಟೆಲು ಶುರುವಾದ ದಿನ ಬೆಳಿಗ್ಗೆಯೇ ಕಾಲೇಜಿನ ಮಕ್ಕಳು ನುಗ್ಗಿದ್ದರು. ಮಾವ ಬಿಳಿ ಅಂಗಿ ಹಾಕಿ ಗಲ್ಲಾದಲ್ಲಿ. ದೊಡ್ಡಮ್ಮನನ್ನು ಬಾಗಿಲ ಹತ್ತಿರದ ಮೇಜಿನಲ್ಲಿ ಕೂರಿಸಿದ್ದೆವು. ನಾನು ಪುಟ ತೆರೆದು ಅವರ ಕೈಗೆ ಮೊಬೈಲ್ ಕೊಟ್ಟೆ. ಒಳಗಿನ ಹೆಂಗಸು ಮೊದಲು ದೊಡ್ಡಮ್ಮನ ಹೆಸರು ಹೇಳಿದಳು. ಮತ್ತೆ ಅದೇ ಸಪ್ಪೆ ರಾಗದಲ್ಲಿ, "ಈ ಹೋಟೆಲನ್ನು ಶುರು ಮಾಡಿದವರು."

ದೊಡ್ಡಮ್ಮನ ಮುಖ ಅರಳಿತು. ಇನ್ನೊಮ್ಮೆ ಮುಟ್ಟಿ ಕೇಳಿದರು. ಮತ್ತೊಮ್ಮೆ. ಎದುರಿಗೆ ಕೂತು ಕೋಳಿ ಸುಕ್ಕಾ ತಿನ್ನುತ್ತಿದ್ದ ಹುಡುಗಿಯ ಕಡೆ ತಿರುಗಿ, "ನಿನ್ನ ಮೊಬೈಲಿನಲ್ಲಿಯೂ ಉಂಟು ನೋಡು. ನಾನೇ ಅದು" ಎಂದರು.

ಆ ಹುಡುಗಿ ಎಡಗೈಯಲ್ಲಿ ಪುಟ ತೆರೆದಳು. "ಅಜ್ಜಿ, ನಿಮ್ಮ ಫೋಟೊ ಇದೆ. ಆದರೆ ಹಾಗೇನೂ ಬರೆದಿಲ್ಲ. ಮೊದಲು ಯಾರೋ ಮಾಲಕರು ಅಂತ ಇದ್ದಾರೆ."

"ಸರಿ ನೋಡು."

"ನೋಡಿದೆ ಅಜ್ಜಿ. ಇಲ್ಲ."

ನಾನು ತಡವರಿಸುತ್ತಾ ದೊಡ್ಡಮ್ಮನ ಕಿವಿಯಲ್ಲಿ ನನ್ನ ಉಪಾಯ ಹೇಳಿದೆ. ನಿಮಗೆ ಕೇಳಲಿ ಎಂದೇ ಇಟ್ಟದ್ದು ಎಂದೆ. ಮೆಚ್ಚುತ್ತಾರೆ ಎಂದುಕೊಂಡಿದ್ದೆ. ದೊಡ್ಡಮ್ಮ ಮೊಬೈಲನ್ನು ಮೇಜಿನ ಮೇಲೆ ಬೋರಲು ಇಟ್ಟರು.

"ನಾನು ಶುರು ಮಾಡಿದ್ದು ಅಂತ ನನಗೆ ಮೊದಲೇ ಗೊತ್ತುಂಟಲ್ಲ ಮಗಾ. ನನಗೆ ಯಾಕೆ ಹೇಳಿದ್ದು? ಕಣ್ಣಿದ್ದವರಿಗೆ ಕಾಣಬೇಕಿತ್ತು."

ಅಯ್ಯೋ, ಆ ಮಾತಿಗೆ ನನ್ನ ಎಲ್ಲ ಜಾಣತನ ಒಮ್ಮೆಲೇ ನೀರಾಗಿ ಹೋಯಿತು. ಅಳು ಬಂತು, ಸಿಟ್ಟೂ ಬಂತು. ಲ್ಯಾಪ್‌ಟಾಪ್ ಚೀಲದಲ್ಲೇ ಇತ್ತು. ನೀರುದೋಸೆಯ ತಟ್ಟೆಗಳನ್ನು ಆಚೆ ಸರಿಸಿ ಅದೇ ಮೇಜಿನ ಮೇಲೆ ಬಿಚ್ಚಿದೆ. ಗಲ್ಲಾದಿಂದ ಮಾವ ಕೇಳಿದರು.

"ಎಂತ ಮಾಡ್ತಾ ಇದ್ದೀ?"

"ಅಳಿಸ್ತಾ ಇದ್ದೇನೆ ಮಾವ."

ಅಳಿಸಿದೆ. ಮೈನಸ್ ಒಂದನ್ನೂ, ಮುದುಡಿಸಿದ್ದನ್ನೂ. ಹೊಸದಾಗಿ ಏನೂ ಬರೆಯಬೇಕಾಗಿ ಬರಲಿಲ್ಲ. ನಾನು ಸೇರಿಸಿದ್ದನ್ನು ತೆಗೆದರೆ ಸಾಕಿತ್ತು.

ಮಾವ ಎದ್ದರು. ನಿಜಕ್ಕೂ ಗಲ್ಲಾದಿಂದ ಎದ್ದರು. ನಮ್ಮ ಮೇಜಿನವರೆಗೆ ಬಂದು ತಮ್ಮ ಮೊಬೈಲ್ ನೋಡಿದರು, ಬಾಯಿ ತೆರೆದರು. ಮಾವ ನಿಂತ ಕಡೆಗೆ ದೊಡ್ಡಮ್ಮ ಸರಿಯಾಗಿ ಮುಖ ತಿರುಗಿಸಿದರು. ಸುತ್ತಲೂ ಗಿರಾಕಿಗಳಿದ್ದರು. ತೆರೆದ ಬಾಯಿಯನ್ನು ಮಾವ ಹಾಗೆಯೇ ಮುಚ್ಚಿಕೊಂಡರು.

"ಮತ್ತೆ ನನ್ನ ಫೋಟೊ?" ಎಂದರು ಸಣ್ಣ ದನಿಯಲ್ಲಿ.

"ಉಂಟು ಮಾವ. ಸ್ವಲ್ಪ ಕೆಳಗೆ ಸರಿಸಿ."

ಮಾವ ಬೆರಳಿನಿಂದ ಸರಿಸುತ್ತಾ ಗಲ್ಲಾಕ್ಕೆ ವಾಪಸು ಹೋಗಿ ಕೂತರು. ಹುಡುಗಿ ಪುಟವನ್ನು ಮತ್ತೆ ತೆರೆದು ಓದಿದಳು. "ಈ ಹೋಟೆಲನ್ನು ಶುರು ಮಾಡಿದವರು. ಅಯ್ಯೋ ಅಜ್ಜಿ, ನೀವಾ?"

"ಇನ್ನೊಮ್ಮೆ ಓದು" ಎಂದರು ದೊಡ್ಡಮ್ಮ. "ಗಟ್ಟಿಯಾಗಿ. ಗಲ್ಲಾದವರೆಗೆ ಕೇಳಲಿ."